ದೋಷವಿಲ್ಲದ ದೋಷಿ

ಯಂತ್ರವೊಂದರಲ್ಲಿ ಹುಟ್ಟಿನಿಂದಲೇ ಇರುವ ಕೊರತೆಯನ್ನು ಮನುಷ್ಯನು ಹೇಗೋ ಸಹಿಸಿಕೊಳ್ಳುತ್ತಾನೆ; ಅದರ ಸ್ವಭಾವವೇ ಅಷ್ಟೆಂದು ತಿಳಿದು, ಅದಕ್ಕೆ ತಕ್ಕಂತೆ ತನ್ನ ಅಭ್ಯಾಸಗಳನ್ನು ಹೊಂದಿಸಿಕೊಂಡು, ಕಾಲಾಂತರದಲ್ಲಿ ಆ ಕೊರತೆಯನ್ನು ಮರೆತೂಬಿಡುತ್ತಾನೆ. ಆದರೆ ನಿನ್ನೆಯ ತನಕ ನೆಟ್ಟಗೆ ನಡೆದುಕೊಂಡು ಬಂದಿದ್ದ ಕೆಲಸವೊಂದು, ಸುಧಾರಣೆಯ ಹೆಸರಿನಲ್ಲಿ ಬಂದ ಹೊಸ ಆವೃತ್ತಿಯ ದೆಸೆಯಿಂದಲೇ ಇಂದು ನಿಂತುಹೋದರೆ ಅವನಿಗಾಗುವ ಕ್ಲೇಶವೇ ಬೇರೆ. ನಷ್ಟದ ದುಃಖದೊಡನೆ ತಾನು ನಂಬಿ ಕೆಟ್ಟೆನೆಂಬ ಭಾವವೂ ಅದರಲ್ಲಿ ಬೆರೆತಿರುತ್ತದೆ. ಕಂಪ್ಯೂಟರಿನ ವೃತ್ತಿಯವರು ಇಂಥ ದೋಷವನ್ನು ರಿಗ್ರೆಶನ್ ಎಂದು ಕರೆಯುತ್ತಾರೆ. ಅದು ಸಾಮಾನ್ಯವಾದ ಒಂದು ಅಪ್ಲಿಕೇಶನ್ನಿನಲ್ಲಿ ತಲೆದೋರಿದರೆ ಅನರ್ಥ ಅಲ್ಲಿಗೇ ಸೀಮಿತವಾಗುತ್ತದೆ. ಆಪರೇಟಿಂಗ್ ಸಿಸ್ಟಮ್ಮಿನ ಕರ್ನಲಿನಲ್ಲಿ ತಲೆದೋರಿತೆಂದರೆ, ಕಾರಣವು ಒಂದು ಮೂಲೆಯಲ್ಲಿಯೂ ಪರಿಣಾಮವು ಮತ್ತೊಂದು ಮೂಲೆಯಲ್ಲಿಯೂ ಇದ್ದು, ಅವೆರಡರ ನಡುವಣ ಸಂಬಂಧವು ಪರಿಣತರಿಗೂ ಕೂಡಲೇ ಹೊಳೆಯುವುದಿಲ್ಲ.

ಕರ್ನಲ್ ಎಂಬುದು ಯಂತ್ರಕ್ಕೂ ಅದರ ಮೇಲೆ ನಡೆಯುವ ಎಲ್ಲ ಪ್ರೋಗ್ರಾಮುಗಳಿಗೂ ಮಧ್ಯಸ್ಥನಾದ ತಂತ್ರಾಂಶ. ಡಿಸ್ಕು, ಮೆಮೊರಿ, ಪರದೆ, ಕೀಬೋರ್ಡು, ನೆಟ್‌ವರ್ಕ್ ಕಾರ್ಡು, ಇವುಗಳಲ್ಲಿ ಯಾವುದನ್ನೂ ಪ್ರೋಗ್ರಾಮು ತಾನಾಗಿ ಮುಟ್ಟುವಂತಿಲ್ಲ. ಪ್ರತಿಯೊಂದಕ್ಕೂ ಕರ್ನಲಿಗೆ ಬಿನ್ನವಿಸಿಕೊಂಡು ಅದು ಕೊಟ್ಟಾಗ ಪಡೆಯಬೇಕು. 1991ರಲ್ಲಿ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್ ಕರ್ನಲು ಇಂದು ಜಗತ್ತಿನ ಸರ್ವರುಗಳಲ್ಲಿ ಮಾತ್ರವಲ್ಲ, ನಮ್ಮ ಸಂತೆಯ ತರಕಾರಿ ವ್ಯಾಪಾರಿಯ ಜೇಬಿನಲ್ಲಿರುವ ಆಂಡ್ರಾಯ್ಡ್ ಫೋನಿನಲ್ಲಿಯೂ ಇದೆ. ಇದರ ಹೊಸ ಆವೃತ್ತಿಯೊಂದು ಒಂಬತ್ತು ಹತ್ತು ವಾರಗಳಿಗೊಮ್ಮೆ ಹೊರಬರುತ್ತದೆ. ಮೊದಲಿನ ಎರಡು ವಾರ ಹೊಸ ಬದಲಾವಣೆಗಳನ್ನು ಸೇರಿಸಿಕೊಳ್ಳುವ ಕಾಲ; ಆಮೇಲೆ ಬಾಗಿಲು ಮುಚ್ಚಿ, ವಾರಕ್ಕೊಂದರಂತೆ ಆರ್‌ಸಿ ಎಂಬ ಪರೀಕ್ಷಾ ಆವೃತ್ತಿಗಳನ್ನು ಹೊರಡಿಸುತ್ತ, ಕಂಡುಬಂದ ತಪ್ಪುಗಳನ್ನಷ್ಟೇ ತಿದ್ದುತ್ತ ಹೋಗುವುದು ವಾಡಿಕೆ. 2019ರ ಜುಲೈಯಿಂದ ಸೆಪ್ಟೆಂಬರಿನ ತನಕ ಸಿದ್ಧವಾದ 5.3 ಎಂಬ ಆವೃತ್ತಿಯಲ್ಲಿ ಹೀಗೆ ಸೇರಿಕೊಂಡ ಬದಲಾವಣೆಗಳ ಸಂಖ್ಯೆ ಸುಮಾರು 14,000. ಇವುಗಳಲ್ಲಿ ಯಾವುದೋ ಒಂದು ಯಾರದೋ ಕಂಪ್ಯೂಟರನ್ನು ಕೆಡಿಸಿದರೆ, ಆ ಒಂದನ್ನು ಹೆಕ್ಕುವ ಬಗೆ ಹೇಗೆ?

ಆ 14,000 ಬದಲಾವಣೆಗಳನ್ನೂ ಓದಿ ತಪ್ಪು ಹಿಡಿಯುವೆನೆಂದು ಹೊರಡುವುದು ದುಸ್ಸಾಹಸ. ವಸ್ತುತಃ ಇಲ್ಲಿ ಬೇಕಾಗುವುದು ಪಾಂಡಿತ್ಯಕ್ಕಿಂತ ಹೆಚ್ಚಾಗಿ ಒಂದು ಕ್ರಮ. ಮಣ್ಣಿನಡಿಯಲ್ಲಿ ಹೂತಿಟ್ಟ ಉದ್ದನೆಯ ಪೈಪಿನಲ್ಲಿ ಎಲ್ಲಿಯೋ ಕಸ ಕಟ್ಟಿಕೊಂಡು ನೀರು ಬಾರದಾದಾಗ, ತೋಟದ ಯಜಮಾನನು ಬಾವಿಯ ಬಳಿಯಿಂದ ಅಗೆಯುತ್ತ ಬರುವುದಿಲ್ಲ. ನಟ್ಟನಡುವಿನ ಜೋಡಣೆಯನ್ನು ಬಿಚ್ಚಿ ನೋಡಿ, ಅಲ್ಲಿಯ ತನಕ ನೀರು ಬಂದಿದ್ದರೆ ಕಟ್ಟಿಕೊಂಡದ್ದು ಮುಂದೆ, ಬಂದಿಲ್ಲವಾದರೆ ಹಿಂದೆ ಎಂದು ನಿಶ್ಚಯಿಸಿ, ಉಳಿದ ಅರ್ಧದಲ್ಲಿ ಮತ್ತೆ ಅದನ್ನೇ ಮಾಡುತ್ತಾನೆ. ಕರ್ನಲಿನಲ್ಲಿಯೂ ಹಾಗೆಯೇ. ಸರಿಯಾಗಿದ್ದ ಹಳೆಯ ಆವೃತ್ತಿಗೆ ಒಳ್ಳೆಯದೆಂದೂ ಕೆಟ್ಟಿರುವ ಹೊಸತಕ್ಕೆ ಕೆಟ್ಟದ್ದೆಂದೂ ಗುರುತು ಹಾಕಿ, ಅವೆರಡರ ಮಧ್ಯದಲ್ಲಿದ್ದ ಕರ್ನಲು ಅಂದು ಹೇಗಿತ್ತೋ ಅದನ್ನು ಯಥಾವತ್ತಾಗಿ ಕಟ್ಟಿ, ಓಡಿಸಿ ನೋಡಬೇಕು. ಒಂದು ಪರೀಕ್ಷೆಗೆ 14,000 ಹೋಗಿ 7,000 ಉಳಿಯುತ್ತದೆ, ಇನ್ನೊಂದಕ್ಕೆ 3,500. ಹದಿನಾಲ್ಕನೆಯದು ಮುಗಿಯುವ ಹೊತ್ತಿಗೆ ಉಳಿಯುವುದು ಒಂದೇ ಒಂದು. 2005ರಲ್ಲಿ ಟೋರ್ವಾಲ್ಡ್ಸ್ ಅವರೇ ಬರೆದ ಗಿಟ್ ಎಂಬ ಸಲಕರಣೆಯಲ್ಲಿ ಈ ವಿಧಾನವು ಬೈಸೆಕ್ಟ್ ಎಂಬ ಆಜ್ಞೆಯಾಗಿ ಆರಂಭದ ದಿನಗಳಿಂದಲೇ ಇದೆ. ಮೂಲತಃ ಇದು ಅವರ ಉಪಜ್ಞೆಯಲ್ಲ. ಕ್ರೇ ರಿಸರ್ಚ್ ಸಂಸ್ಥೆಯ ಇಬ್ಬರು ಇಂಜಿನಿಯರುಗಳು ಇದೇ ಕ್ರಮವನ್ನು ಪ್ರೋಗ್ರಾಮಿನ ಬರಹವನ್ನು ಯಂತ್ರದ ಸೂಚನೆಗಳಾಗಿ ಮಾರ್ಪಡಿಸುವ ತಮ್ಮ ಕಂಪೈಲರುಗಳಿಗೆ ಅನ್ವಯಿಸಿದ ಬಗೆಯನ್ನು 1997ರಲ್ಲಿಯೇ ಪ್ರಬಂಧವಾಗಿ ಮಂಡಿಸಿದ್ದರು.

ಈ ಕ್ರಮದ ಒಂದು ದೊಡ್ಡ ಗುಣವೆಂದರೆ, ಇದನ್ನು ಅನುಸರಿಸುವವನಿಗೆ ಕರ್ನಲಿನ ಅಂತರಂಗ ತಿಳಿದಿರಬೇಕಾದ ಅವಶ್ಯಕತೆಯಿಲ್ಲ. ತಾಳ್ಮೆಯೂ ಸತ್ಯನಿಷ್ಠೆಯೂ ಇದ್ದರೆ ಸಾಕು. ಆದರೆ ಕಾಗದದ ಮೇಲೆ ಇಷ್ಟು ಸುಲಲಿತವಾಗಿ ಕಾಣುವ ಈ ಹುಡುಕಾಟವು ಕಾರ್ಯತಃ ಮೈಮುರಿಯುವ ಕೆಲಸ. ಮಧ್ಯದ ಕರ್ನಲನ್ನು ಕಂಪೈಲ್ ಮಾಡುವುದಕ್ಕೆ ಹಳೆಯ ಲ್ಯಾಪ್‌ಟಾಪಿನಲ್ಲಿ ಗಂಟೆಗಟ್ಟಲೆ ಕಾಯಬೇಕು. ಫ್ಯಾನು ಗುಂಯ್ಗುಡುತ್ತಿರುತ್ತದೆ, ಪರದೆಯ ಮೇಲೆ ಕಡತಗಳ ಹೆಸರುಗಳು ಹರಿಯುತ್ತಿರುತ್ತವೆ, ಬೇರೆ ಕೆಲಸ ಮಾಡುವಂತಿಲ್ಲ. ಕಟ್ಟಿ ಮುಗಿದದ್ದನ್ನು ಅನುಸ್ಥಾಪಿಸಿ, ಯಂತ್ರವನ್ನು ರೀಬೂಟ್ ಮಾಡಿ, ಬೂಟ್ ಮೆನುವಿನಲ್ಲಿ ಸರಿಯಾದ ಸಾಲನ್ನೇ ಆರಿಸಿಕೊಂಡು, ದೋಷವಿದೆಯೋ ಇಲ್ಲವೋ ನೋಡಿ, ಗುಡ್ ಎಂದೋ ಬ್ಯಾಡ್ ಎಂದೋ ಒಂದು ಪದ ಟೈಪಿಸಿದರೆ, ಗಿಟ್ ಮುಂದಿನ ಮಧ್ಯಬಿಂದುವನ್ನು ಹೇಳಿ ಇನ್ನೆಷ್ಟು ಮೆಟ್ಟಿಲು ಉಳಿದಿವೆಯೆಂಬ ಅಂದಾಜನ್ನೂ ಕೊಡುತ್ತದೆ. ಮತ್ತೆ ಮೊದಲಿನಿಂದ ಕಂಪೈಲ್. ಕೆಲವೊಮ್ಮೆ ಆ ಮಧ್ಯಬಿಂದುವಿನ ಕರ್ನಲು ಬೇರಾವುದೋ ತಪ್ಪಿನಿಂದಾಗಿ ಕಂಪೈಲೇ ಆಗದು; ಆಗ ಸ್ಕಿಪ್ ಎಂದು ಬರೆದು ಪಕ್ಕಕ್ಕೆ ಸರಿಯಬೇಕು.

ಎಲ್ಲಕ್ಕಿಂತ ದೊಡ್ಡ ಅಪಾಯವೆಂದರೆ ಒಮ್ಮೆ ಕಂಡು ಒಮ್ಮೆ ಮರೆಯಾಗುವ ದೋಷ. ಐದು ಸಲ ಬೂಟ್ ಮಾಡಿದರೆ ಒಂದು ಸಲ ಮಾತ್ರ ನಿಲ್ಲುವ ಯಂತ್ರವನ್ನು ಎರಡು ಸಲ ನೋಡಿ ಗುಡ್ ಎಂದು ಬರೆದುಬಿಟ್ಟರೆ, ಆ ಒಂದು ಸುಳ್ಳು ಉತ್ತರದಿಂದ ಮುಂದಿನ ಎಲ್ಲ ಮೆಟ್ಟಿಲುಗಳೂ ತಪ್ಪು ದಿಕ್ಕಿಗೆ ತಿರುಗುತ್ತವೆ. ಕಡೆಯಲ್ಲಿ ಬೈಸೆಕ್ಟ್ ಪೂರ್ಣ ಆತ್ಮವಿಶ್ವಾಸದಿಂದ, ಯಾವ ಸಂಬಂಧವೂ ಇಲ್ಲದ ಒಂದು ಬದಲಾವಣೆಯನ್ನು ತೋರಿಸಿ ಇದೇ ಅಪರಾಧಿಯೆನ್ನುತ್ತದೆ. ಆದುದರಿಂದ ಅನುಭವಸ್ಥರು ಕೊನೆಯ ಉತ್ತರವನ್ನು ಅಲ್ಲಿಗೇ ನಂಬುವುದಿಲ್ಲ. ಆ ಒಂದು ಬದಲಾವಣೆಯನ್ನು ಹೊಸ ಕರ್ನಲಿನಿಂದ ಕಿತ್ತು, ದೋಷವು ಹೋಯಿತೇ ಎಂದು ಪ್ರತ್ಯೇಕವಾಗಿ ಪರೀಕ್ಷಿಸಿ ನೋಡಿದ ಬಳಿಕವೇ ಬಾಯಿಬಿಡುತ್ತಾರೆ.

ಪರೀಕ್ಷೆಯೇ ಯಂತ್ರಘಾತಕವಾಗುವ ಪ್ರಸಂಗಗಳೂ ಇಲ್ಲದಿಲ್ಲ. 2008ರಲ್ಲಿ 2.6.27 ಆವೃತ್ತಿಯ ಪರೀಕ್ಷಾ ಕರ್ನಲುಗಳನ್ನು ಓಡಿಸಿದವರಲ್ಲಿ ಕೆಲವರ ಇಂಟೆಲ್ ನೆಟ್‌ವರ್ಕ್ ಕಾರ್ಡುಗಳು ಸತ್ತಂತಾದುವು. ಕಾರ್ಡಿನೊಳಗೆ ಶಾಶ್ವತವಾಗಿ ಬರೆದಿಟ್ಟಿದ್ದ ಮಾಹಿತಿಯೇ ಅಳಿಸಿಹೋಗಿ, ಹಳೆಯ ಕರ್ನಲಿಗೆ ಮರಳಿದರೂ ಅವು ಏಳಲಿಲ್ಲ. ಬ್ಯಾಡ್ ಎಂಬ ಒಂದೊಂದು ಉತ್ತರಕ್ಕೂ ಒಂದೊಂದು ಕಾರ್ಡನ್ನು ಬಲಿಕೊಡಬೇಕಾದ ಹುಡುಕಾಟಕ್ಕೆ ಯಾರು ತಾನೆ ಕೈಹಾಕಿಯಾರು? ಎಲ್ಲರ ಸಂಶಯವೂ ಸಹಜವಾಗಿಯೇ ಇ1000ಇ ಎಂಬ, ಆ ಕಾರ್ಡನ್ನು ನಡೆಸುವ ಡ್ರೈವರಿನ ಮೇಲೆ ಹೋಯಿತು. ನಿಜವಾದ ಕಾರಣ ಸಿಕ್ಕಿದ್ದು ಕಾರ್ಡಿಗೂ ತನಗೂ ಯಾವ ನಂಟೂ ಇಲ್ಲದ ಎಫ್‌ಟ್ರೇಸ್ ಎಂಬ ವಿಭಾಗದಲ್ಲಿ: ಕರ್ನಲಿನ ಸ್ವಂತ ಸೂಚನೆಗಳನ್ನೇ ಓಡುತ್ತಿರುವಾಗ ತಿದ್ದುವ ಈ ವಿಭಾಗವು ತಾನು ಗುರುತುಹಾಕಿಕೊಂಡಿದ್ದ ಮೆಮೊರಿಯ ವಿಳಾಸವೊಂದಕ್ಕೆ, ಆ ಜಾಗವು ಬಿಡುಗಡೆಯಾಗಿ ನೆಟ್‌ವರ್ಕ್ ಕಾರ್ಡಿನ ಪಾಲಾದ ಮೇಲೂ, ಹಳೆಯ ನೆನಪಿನಿಂದ ಕೈಹಾಕುತ್ತಿತ್ತು. ಅದು ಬಳಸುತ್ತಿದ್ದ ಸೂಚನೆಯು, ಹೋಲಿಸಿದ ಮೌಲ್ಯ ಹೊಂದದಿದ್ದರೂ ಏನನ್ನಾದರೂ ಬರೆದೇ ತೀರುವಂಥದು. ಮೆಮೊರಿಯಲ್ಲಾದರೆ ಅದರಿಂದ ಬಾಧಕವಿಲ್ಲ, ಕಾರ್ಡಿನಲ್ಲಾದರೆ ಸರ್ವನಾಶ. ಅಕ್ಟೋಬರ್ 9ರಂದು ಬಂದ 2.6.27ರ ಬೆನ್ನಿಗೇ 2.6.27.1 ಹೊರಬಂದು, ಆ ಸೌಲಭ್ಯವನ್ನು ತಾತ್ಕಾಲಿಕವಾಗಿ ಮುಚ್ಚಿತು.

ಅಲ್ಲಿ ತಪ್ಪು ತಪ್ಪೇ. ಅನುಮಾನ ಮಾತ್ರ ಬೇರೆಯವರ ಮೇಲಿತ್ತು. ಇದಕ್ಕಿಂತ ಸೂಕ್ಷ್ಮವೂ, ನನ್ನ ಅಭಿಪ್ರಾಯದಲ್ಲಿ ಕರ್ನಲ್ ಚರಿತ್ರೆಯಲ್ಲಿಯೇ ಅತ್ಯಂತ ಬೋಧಪ್ರದವೂ ಆದ ಪ್ರಕರಣವು ಹಿಂದೆ ಹೇಳಿದ 5.3ರದು. ಅದರ ಎಂಟನೆಯ ಪರೀಕ್ಷಾ ಆವೃತ್ತಿ 2019ರ ಸೆಪ್ಟೆಂಬರ್ 8ರಂದು ಹೊರಟಿತ್ತು. ಅಂತಿಮ ಬಿಡುಗಡೆಗೆ ಉಳಿದಿದ್ದುದು ಒಂದೇ ವಾರ. ಆಗ ಡೆವಲಪರ್ ಒಬ್ಬರು, ಹೊಸ ಕರ್ನಲನ್ನು ಹಾಕಿದಂದಿನಿಂದ ತಮ್ಮ ಲ್ಯಾಪ್‌ಟಾಪು ಬೂಟ್ ಆಗುತ್ತ ನಡುವೆಯೇ ನಿಂತುಬಿಡುತ್ತದೆ, ಲಾಗಿನ್ ಪರದೆಯೇ ಬರುವುದಿಲ್ಲವೆಂದು ದೂರಿದರು. ದೂರಿ ಸುಮ್ಮನಾಗದೆ ಬೈಸೆಕ್ಟನ್ನೂ ಮಾಡಿ ಮುಗಿಸಿದ್ದರು. ಅದು ಬೆರಳಿಟ್ಟು ತೋರಿಸಿದ್ದು ಇಎಕ್ಸ್‌ಟಿ4 ಎಂಬ, ಡಿಸ್ಕಿನಲ್ಲಿ ಕಡತಗಳನ್ನು ಅಣಿಗೊಳಿಸಿಡುವ ಫೈಲ್ ಸಿಸ್ಟಮ್ಮಿನ ಒಂದು ಚಿಕ್ಕ ಬದಲಾವಣೆಯನ್ನು.

ಆ ಬದಲಾವಣೆಯನ್ನು ಓದಿದವರಿಗೆಲ್ಲ ಆಶ್ಚರ್ಯ. ಇಎಕ್ಸ್‌ಟಿ4 ಕಡತಗಳ ವಿವರಪಟ್ಟಿಯನ್ನು ಡಿಸ್ಕಿನಿಂದ ಓದುವಾಗ, ಮುಂದೆ ಬೇಕಾಗಬಹುದೆಂದು ಪಕ್ಕದ ಬ್ಲಾಕುಗಳನ್ನೂ ಮುಂಚಿತವಾಗಿ ಓದಿಟ್ಟುಕೊಳ್ಳುತ್ತದೆ. ಮೊದಲು ಆ ಒಂದೊಂದು ಬ್ಲಾಕಿಗೂ ಒಂದೊಂದು ಬೇಡಿಕೆ ಹೋಗುತ್ತಿತ್ತು; ಹೊಸ ಬದಲಾವಣೆಯು ಅವನ್ನೆಲ್ಲ ಒಟ್ಟುಗೂಡಿಸಿ ಒಂದೇ ದೊಡ್ಡ ಬೇಡಿಕೆಯಾಗಿ ಕಳುಹಿಸಿತು. ಇದರಿಂದ ಡಿಸ್ಕಿಗೆ ಶ್ರಮ ಕಡಮೆ, ಕೆಲಸ ಚುರುಕು. ಅದರಲ್ಲಿ ತಾರ್ಕಿಕವಾದ ದೋಷವಿಲ್ಲ, ಮರೆತುಹೋದ ಸಂದರ್ಭವಿಲ್ಲ, ಬೀಗ ಹಾಕದೆ ಬಿಟ್ಟ ಬಾಗಿಲಿಲ್ಲ. ಆದರೂ ಅದನ್ನು ಕಿತ್ತರೆ ಯಂತ್ರ ಏಳುತ್ತದೆ, ಇಟ್ಟರೆ ನಿಲ್ಲುತ್ತದೆ.

ರಹಸ್ಯವಿದ್ದದ್ದು ಕರ್ನಲಿನ ಬೇರೊಂದು ಕೋಣೆಯಲ್ಲಿ. ಗುಪ್ತಲಿಪಿಯ ಕೀಲಿಗಳಿಗೂ, ಲಾಗಿನ್ನಿನ ಸಂಕೇತಗಳಿಗೂ ಯಾರೂ ಊಹಿಸಲಾಗದ ಯಾದೃಚ್ಛಿಕ ಸಂಖ್ಯೆಗಳು ಬೇಕಾಗುತ್ತವೆ. ಕಂಪ್ಯೂಟರು ಮೂಲತಃ ನಿಯಮಬದ್ಧ ಯಂತ್ರವಾದುದರಿಂದ ಊಹಾತೀತವಾದುದನ್ನು ಅದು ತನ್ನೊಳಗಿನಿಂದ ಸೃಷ್ಟಿಸಲಾರದು, ಹೊರಗಿನಿಂದ ಕೂಡಿಹಾಕಬೇಕು. ಕೀಲಿಯನ್ನು ಒತ್ತಿದ ಗಳಿಗೆ, ಮೌಸು ಸರಿದ ಗಳಿಗೆ, ಡಿಸ್ಕು ಕೆಲಸ ಮುಗಿಸಿ ಇಂಟರಪ್ಟ್ ಎಂಬ ಸಂಜ್ಞೆಯನ್ನು ಕಳುಹಿಸಿದ ಗಳಿಗೆ, ಇವುಗಳ ಅತಿಸೂಕ್ಷ್ಮವಾದ ಏರುಪೇರುಗಳನ್ನು ಕರ್ನಲು ಎಂಟ್ರೊಪಿ ಎಂಬ ಹೆಸರಿನಿಂದ ಒಂದು ಸಂಗ್ರಹದಲ್ಲಿ ಶೇಖರಿಸುತ್ತ ಬರುತ್ತದೆ. 2014ರಲ್ಲಿ 3.17 ಆವೃತ್ತಿಯೊಡನೆ ಬಂದ ಗೆಟ್‌ರ‍್ಯಾಂಡಮ್ ಎಂಬ, ಪ್ರೋಗ್ರಾಮುಗಳು ಕರ್ನಲಿನಿಂದ ಇಂಥ ಸಂಖ್ಯೆಗಳನ್ನು ಕೇಳಿ ಪಡೆಯುವ ಸಿಸ್ಟಮ್ ಕಾಲ್, ಯಂತ್ರವು ಎದ್ದ ಮೇಲೆ ಈ ಸಂಗ್ರಹದಲ್ಲಿ 128 ಬಿಟ್ಟಿನಷ್ಟು ಎಂಟ್ರೊಪಿ ಸೇರುವ ತನಕ ಕೇಳಿದವನನ್ನು ಕಾಯಿಸುತ್ತಿತ್ತು. ಒಮ್ಮೆ ಸೇರಿತೆಂದರೆ ಮತ್ತೆಂದೂ ಕಾಯಿಸುವುದಿಲ್ಲ. ಆದರೆ ಆ ಮೊದಲ ಕಾಯುವಿಕೆಗೆ ಆಗ ಅವಧಿಯ ಮಿತಿಯಿರಲಿಲ್ಲ.

ಈಗ ಎರಡನ್ನೂ ಸೇರಿಸಿ ನೋಡಬೇಕು. ಡಿಸ್ಕಿನ ಬೇಡಿಕೆಗಳು ಕಡಮೆಯಾದುವು, ಅಂತೆಯೇ ಇಂಟರಪ್ಟುಗಳೂ, ಅಂತೆಯೇ ಬೂಟಿನ ವೇಳೆ ಕೂಡಿಬರುವ ಎಂಟ್ರೊಪಿಯೂ. ಮೊದಲು ಹೇಗೋ 128ನ್ನು ದಾಟುತ್ತಿದ್ದ ಮೊತ್ತವು ಈಗ ಸ್ವಲ್ಪದರಲ್ಲಿ ಹಿಂದುಳಿಯಿತು. ಅದೇ ವೇಳೆಗೆ ಬೂಟಿನ ಹಾದಿಯಲ್ಲಿದ್ದ ಪ್ರೋಗ್ರಾಮೊಂದು ಗೆಟ್‌ರ‍್ಯಾಂಡಮ್ಮನ್ನು ಕೇಳಿ ಕಾಯುತ್ತ ನಿಂತಿತು; ಅದು ನಿಂತುದರಿಂದ ಅದರ ಹಿಂದಿನದೆಲ್ಲವೂ ನಿಂತಿತು; ಎಲ್ಲವೂ ನಿಂತ ಯಂತ್ರದಲ್ಲಿ ಡಿಸ್ಕಿಗೆ ಕೆಲಸವಿಲ್ಲ, ಡಿಸ್ಕಿಗೆ ಕೆಲಸವಿಲ್ಲದುದರಿಂದ ಇಂಟರಪ್ಟಿಲ್ಲ, ಇಂಟರಪ್ಟಿಲ್ಲದುದರಿಂದ ಎಂಟ್ರೊಪಿಯಿಲ್ಲ, ಎಂಟ್ರೊಪಿಯಿಲ್ಲದುದರಿಂದ ಕಾಯುವಿಕೆಗೆ ಅಂತ್ಯವಿಲ್ಲ. ಹೀಗೆ ನಿಂತ ಯಂತ್ರದ ಮುಂದೆ ಕುಳಿತವನು ಬೇಸರದಿಂದ ಕೀಬೋರ್ಡನ್ನು ಬಡಿದರೆ, ಆ ಬಡಿತಗಳೇ ಎಂಟ್ರೊಪಿಯಾಗಿ ಯಂತ್ರವು ಮುಂದೆ ಸಾಗಬಲ್ಲದು! ಸಿಟ್ಟಿಗೂ ಒಂದು ಉಪಯೋಗವಿದೆಯೆಂದು ಇಲ್ಲಿಯೇ ಮೊದಲು ಸಿದ್ಧವಾಯಿತೇನೋ. ಎಲ್ಲರ ಯಂತ್ರಗಳಲ್ಲಿಯೂ ಹೀಗಾಗಲಿಲ್ಲ. ಬೂಟಿನ ವೇಳೆ ಉಳಿದ ಪ್ರೋಗ್ರಾಮುಗಳನ್ನು ಎಬ್ಬಿಸುವ ಒಂದು ನಿರ್ದಿಷ್ಟ ಬಗೆಯ ಸಿಸ್ಟಮ್‌ಡಿ, ಒಂದು ನಿರ್ದಿಷ್ಟ ಹೊಂದಾಣಿಕೆ, ಸ್ವಲ್ಪ ದುರದೃಷ್ಟ, ಇಷ್ಟೂ ಕೂಡಿದಲ್ಲಿ ಮಾತ್ರ.

ಹಾಗಾದರೆ ತಪ್ಪು ಯಾರದು? ಬೈಸೆಕ್ಟ್ ಹೇಳಿದ್ದು ಸುಳ್ಳಲ್ಲ. ಆದರೆ ಅದು ಹೇಳಬಲ್ಲದ್ದು ಯಂತ್ರವು ಯಾವಾಗ ಕೆಟ್ಟಿತೆಂಬುದನ್ನೇ ಹೊರತು ಏಕೆ ಕೆಟ್ಟಿತೆಂಬುದನ್ನಲ್ಲ. ಕೆಡುವುದಕ್ಕೆ ಬೇಕಾದುದೆಲ್ಲ 2014ರಿಂದಲೇ ಸಿದ್ಧವಾಗಿತ್ತು. ಐದು ವರ್ಷಗಳ ಕಾಲ ಅದನ್ನು ಮರೆಮಾಡಿದ್ದುದು ಫೈಲ್ ಸಿಸ್ಟಮ್ಮಿನ ಅದಕ್ಷತೆ; ಡಿಸ್ಕು ಅನವಶ್ಯಕವಾಗಿ ಮಾಡುತ್ತಿದ್ದ ಗದ್ದಲವೇ ಯಾರೂ ಅರಿಯದಂತೆ ಯಾದೃಚ್ಛಿಕತೆಯ ಸಂಗ್ರಹವನ್ನು ತುಂಬುತ್ತಿತ್ತು. ವಿನೋದವೆಂದರೆ, ಇಎಕ್ಸ್‌ಟಿ4ರ ಪಾಲಕರೂ ಯಾದೃಚ್ಛಿಕ ವಿಭಾಗದ ಪಾಲಕರೂ ಆಗ ಒಬ್ಬರೇ: 1994ರಲ್ಲಿ ಆ ವಿಭಾಗವನ್ನು ಮೊದಲು ಬರೆದ, ಇಪ್ಪತ್ತು ವರ್ಷಗಳ ನಂತರ ಗೆಟ್‌ರ‍್ಯಾಂಡಮ್ಮನ್ನೂ ತಂದ ಥಿಯೊಡೋರ್ ಚೋ. ಈ ಕಾಯುವಿಕೆಯನ್ನೇ ತೆಗೆದುಹಾಕಬಹುದಲ್ಲ ಎಂದರೆ ಅವರ ಕಳವಳವು ಬೇರೆಯದಾಗಿತ್ತು. ಕಾಯದೆ ಕೊಟ್ಟರೆ ಕೊಟ್ಟ ಸಂಖ್ಯೆ ದುರ್ಬಲವಾದೀತು. ದುರ್ಬಲ ಸಂಖ್ಯೆಯಿಂದ ಹುಟ್ಟಿದ ಕೀಲಿಯನ್ನು ಶತ್ರುವು ಊಹಿಸಿಯಾನು. ಇದು ಕೇವಲ ಶಂಕೆಯಲ್ಲ. 2012ರಲ್ಲಿ ನಾಡಿಯಾ ಹೆನಿಂಜರ್ ಮತ್ತು ಸಂಗಡಿಗರು ಅಂತರ್ಜಾಲದಲ್ಲಿ ಸಿಗುವ ಕೀಲಿಗಳನ್ನೆಲ್ಲ ಒಟ್ಟುಗೂಡಿಸಿ ಪರೀಕ್ಷಿಸಿದಾಗ, ಎದ್ದ ಕೂಡಲೇ ಸಾಕಷ್ಟು ಎಂಟ್ರೊಪಿಯಿಲ್ಲದೆ ಕೀಲಿ ತಯಾರಿಸಿಕೊಂಡ ರೂಟರು ಮೊದಲಾದ ಸಲಕರಣೆಗಳ ಗುಟ್ಟು ಅವರಿಗೆ ಸುಲಭವಾಗಿ ಸಿಕ್ಕಿತ್ತು.

ಟೋರ್ವಾಲ್ಡ್ಸ್ ಎರಡೂ ಕಡೆಯ ವಾದವನ್ನು ಕೇಳಿ, ಸೆಪ್ಟೆಂಬರ್ 15ರಂದು 5.3ನ್ನು ಬಿಡುಗಡೆ ಮಾಡುವ ಮುನ್ನ ಆ ನಿರ್ದೋಷಿಯಾದ ಇಎಕ್ಸ್‌ಟಿ4ರ ಬದಲಾವಣೆಯನ್ನೇ ಹಿಂತೆಗೆದರು. ಬದಲಾವಣೆ ಒಳ್ಳೆಯದೇ, ತಾನು ಹೇಳಿಕೊಂಡ ಕೆಲಸವನ್ನು ಸರಿಯಾಗಿಯೇ ಮಾಡುತ್ತದೆ, ತೆಗೆಯುತ್ತಿರುವುದಕ್ಕೆ ವಿಷಾದವಿದೆ ಎಂದು ಹಿಂತೆಗೆತದ ಟಿಪ್ಪಣಿಯಲ್ಲಿಯೇ ಅವರು ಒಪ್ಪಿಕೊಂಡರು. ಲಿನಕ್ಸಿನಲ್ಲಿ ಬಹುಕಾಲದಿಂದ ನಡೆದುಬಂದ ನಿಯಮವೊಂದಿದೆ: ಬಳಕೆದಾರನ ಕೆಲಸ ಕೆಟ್ಟರೆ ಅದು ಕರ್ನಲಿನ ಹೊಣೆ, ಅವನ ಪ್ರೋಗ್ರಾಮಿನದೇ ತಪ್ಪೆಂದು ತೋರಿಸಿಕೊಟ್ಟರೂ ಹೊಣೆ ತಪ್ಪುವುದಿಲ್ಲ. ರಿಗ್ರೆಶನ್ ಎಂಬುದನ್ನು ಅಳೆಯಬೇಕಾದುದು ಬದಲಾವಣೆಯ ಶುದ್ಧಾಶುದ್ಧತೆಯಿಂದಲ್ಲ, ಬಳಕೆದಾರನಿಗಾದ ಪರಿಣಾಮದಿಂದ.

ಈ ತೀರ್ಪು ಕೆಲವರಿಗೆ ಅನ್ಯಾಯವೆನಿಸಿತು. ಸರಿಯಾದುದನ್ನು ಶಿಕ್ಷಿಸಿ ತಪ್ಪಾದುದನ್ನು ಬಿಟ್ಟಂತಾಯಿತಲ್ಲ ಎಂದು. ನನಗೆ ಹಾಗೆನಿಸುವುದಿಲ್ಲ. ಒಂದು ಕಡೆಯಲ್ಲಿ ಡಿಸ್ಕಿನ ವೇಗದಲ್ಲಾದ ಅಲ್ಪ ಲಾಭ. ಮತ್ತೊಂದು ಕಡೆಯಲ್ಲಿ ಏಳದೆಯೇ ನಿಂತ ಕಂಪ್ಯೂಟರು. ತನ್ನ ಯಂತ್ರ ಏಕೆ ಏಳಲಿಲ್ಲವೆಂಬುದನ್ನು ತಿಳಿಯಲು ಬಳಕೆದಾರನು ಫೈಲ್ ಸಿಸ್ಟಮ್ಮಿನಿಂದ ಗುಪ್ತಲಿಪಿಶಾಸ್ತ್ರದ ತನಕ ಓದಿಕೊಂಡು ಬರಬೇಕೆಂದು ನಿರೀಕ್ಷಿಸುವುದು ವಿದ್ವಾಂಸರ ಅಹಂಕಾರ. ಅದಲ್ಲದೆ ಹಿಂತೆಗೆತವು ಮರಣದಂಡನೆಯಲ್ಲ. ಕಾಲಾವಕಾಶವನ್ನು ಕೊಳ್ಳುವ ಒಂದು ಉಪಾಯವಷ್ಟೆ. ಬಿಡುಗಡೆಯ ಹೊಸ್ತಿಲಲ್ಲಿ ನಿಂತು, ಸುರಕ್ಷತೆಗೆ ಸಂಬಂಧಿಸಿದ ವಿಭಾಗವನ್ನು ಅವಸರದಲ್ಲಿ ತಿದ್ದುವುದಕ್ಕಿಂತ, ಯಾವ ಬದಲಾವಣೆಯಿಂದ ಅನರ್ಥ ಪ್ರಕಟವಾಯಿತೋ ಅದನ್ನು ಪಕ್ಕಕ್ಕಿಟ್ಟು ನಿಧಾನವಾಗಿ ಯೋಚಿಸುವುದು ವಿವೇಕ.

ಆ ಯೋಚನೆಗೆ ಬಹಳ ದಿನ ಹಿಡಿಯಲಿಲ್ಲ. ಅದೇ ಸೆಪ್ಟೆಂಬರಿನ ಕೊನೆಯಲ್ಲಿ, 5.4ರ ಸಿದ್ಧತೆ ನಡೆದಿರುವಾಗ, ಟೋರ್ವಾಲ್ಡ್ಸ್ ಗೆಟ್‌ರ‍್ಯಾಂಡಮ್ಮಿನ ಕಾಯುವ ಭಾಗವನ್ನೇ ತಿದ್ದಿ ಬರೆದರು. ಎಂಟ್ರೊಪಿ ತಾನಾಗಿ ಬಂದೀತೆಂದು ಕೈಕಟ್ಟಿ ಕೂರುವ ಬದಲು, ಕರ್ನಲು ಈಗ ಒಂದು ಟೈಮರನ್ನು ಹೂಡಿ, ಪ್ರೊಸೆಸರಿನ ಗಡಿಯಾರವನ್ನು ಮತ್ತೆ ಮತ್ತೆ ಓದುತ್ತ, ಆ ಓದುಗಳ ನಡುವೆ ಉಂಟಾಗುವ ಅನಿಶ್ಚಿತವಾದ ಸಣ್ಣ ಸಣ್ಣ ವ್ಯತ್ಯಾಸಗಳಿಂದ ತನಗೆ ಬೇಕಾದುದನ್ನು ತಾನೇ ದುಡಿದುಕೊಳ್ಳುತ್ತದೆ. ಇದರ ಗುಣಮಟ್ಟದ ಬಗ್ಗೆ ಗುಪ್ತಲಿಪಿಶಾಸ್ತ್ರಜ್ಞರಲ್ಲಿ ಭಿನ್ನಾಭಿಪ್ರಾಯವಿಲ್ಲದಿಲ್ಲ. ಆದರೆ ಯಂತ್ರವು ನಿಲ್ಲುವುದಂತೂ ತಪ್ಪಿತು. ಈ ತಿದ್ದುಪಡಿ ಒಳಸೇರಿದೊಡನೆ, ಹಿಂತೆಗೆದಿದ್ದ ಇಎಕ್ಸ್‌ಟಿ4ರ ಬದಲಾವಣೆಯನ್ನೂ ಅವರು ಮರಳಿ ಸೇರಿಸಿದರು. ಎರಡನ್ನೂ ಒಳಗೊಂಡ 5.4 ಆವೃತ್ತಿಯು ನವೆಂಬರ್ 24ರಂದು ಹೊರಬಂತು.

ಲಿನಕ್ಸನ್ನು ಬಳಸುವ ಓದುಗರಲ್ಲಿ, ಅದರಲ್ಲಿಯೂ ನಮ್ಮ ಇಂಜಿನಿಯರಿಂಗ್ ಕಾಲೇಜುಗಳ ತರುಣರಲ್ಲಿ, ನನ್ನದೊಂದು ಬಿನ್ನಹ. ಅಪ್‌ಡೇಟ್ ಆದ ಮರುದಿನ ವೈಫೈ ಸಿಗದಾದರೆ, ಪರದೆ ಮಿಣುಕತೊಡಗಿದರೆ, ಯಂತ್ರವು ಮಲಗಿದ್ದು ಏಳದಾದರೆ, ಎಲ್ಲವನ್ನೂ ಅಳಿಸಿ ಹೊಸದಾಗಿ ಇನ್‌ಸ್ಟಾಲ್ ಮಾಡುವ ಆತುರಕ್ಕೆ ಬೀಳಬೇಡಿ. ಹಾಗೆ ಅಳಿಸಿದೊಡನೆ ಸಾಕ್ಷ್ಯವೂ ಅಳಿಸುತ್ತದೆ. ಲಿನಕ್ಸಿನ ಬಹುತೇಕ ವಿತರಣೆಗಳು (ಡಿಸ್ಟ್ರಿಬ್ಯೂಶನ್ನುಗಳು) ಹಳೆಯ ಕರ್ನಲೊಂದನ್ನು ಬೂಟ್ ಮೆನುವಿನಲ್ಲಿ ಉಳಿಸಿರುತ್ತವೆ. ಅದರಿಂದ ಎಬ್ಬಿಸಿ ನೋಡಿ. ಅದರಲ್ಲಿ ಸರಿಯಿದ್ದು ಹೊಸತರಲ್ಲಿ ಮಾತ್ರ ಕೆಟ್ಟಿದ್ದರೆ, ಸರಿಯಿದ್ದ ಆವೃತ್ತಿಯ ಸಂಖ್ಯೆಯನ್ನೂ ಕೆಟ್ಟ ಆವೃತ್ತಿಯ ಸಂಖ್ಯೆಯನ್ನೂ ಬರೆದಿಟ್ಟುಕೊಂಡು, ವಿತರಣೆಯವರಿಗೋ ಕರ್ನಲಿನವರಿಗೋ ತಿಳಿಸಿ. ಈ ಎರಡು ಸಂಖ್ಯೆಗಳಿಲ್ಲದೆ ಬೈಸೆಕ್ಟ್ ಆರಂಭವಾಗುವುದೇ ಇಲ್ಲ.